ಅಂಗೈಯ ರಿಮೋಟು, ಗೋಡೆಯ ಸ್ವಿಚ್ಚು: ಒಂದು ವಿಮರ್ಶೆ

ಈ ಪುಟಗಳಲ್ಲಿ ಪುಸ್ತಕಗಳ ವಿಮರ್ಶೆ ಬರುತ್ತದೆ, ನಾಟಕ ಯಕ್ಷಗಾನಗಳ ವಿಮರ್ಶೆ ಬರುತ್ತದೆ. ಈ ಸಲ ನಾವು ಒಂದು ಮೊಬೈಲ್ ಆ್ಯಪ್‌ನ ವಿಮರ್ಶೆಗೆ ಕೈಹಾಕಿದ್ದೇವೆಂದರೆ ವಾಚಕರು ಹುಬ್ಬೇರಿಸಬಹುದು. ಆದರೆ ವಿಚಾರ ಮಾಡಿ ನೋಡಿ. ಹಿಡಿಸದ ಪುಸ್ತಕವನ್ನು ಮುಚ್ಚಿಡಬಹುದು. ಹಿಡಿಸದ ನಾಟಕದ ನಡುವೆ ಎದ್ದು ಲೋಕಲ್ ಹಿಡಿಯಬಹುದು. ಮನೆಯ ದೀಪ, ಟಿ.ವಿ., ಗೀಸರುಗಳನ್ನು ತನ್ನ ಹತೋಟಿಯಲ್ಲಿಟ್ಟುಕೊಂಡು ಕೂತ ಆ್ಯಪ್‌ನಿಂದ ಎದ್ದು ಹೋಗುವುದಾದರೂ ಎಲ್ಲಿಗೆ? ಹಗಲಿರುಳು ನಮ್ಮೊಡನೆ ಬಾಳುವ ವಸ್ತುವಿಗೆ ಎರಡು ತಾಸಿನ ನಾಟಕಕ್ಕೆ ಸಲ್ಲುವಷ್ಟಾದರೂ ವಿಮರ್ಶೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಥಾಣೆಯ ಘೋಡ್‌ಬಂದರ್ ರಸ್ತೆ, ಕಲ್ಯಾಣ–ಶಿಳ್ ರಸ್ತೆ, ನವಿಮುಂಬಯಿಯ ಖಾರ್ಘರ್ ಕಡೆ ಹೊಸ ಕಟ್ಟಡಗಳ ಜಾಹೀರಾತು ಫಲಕಗಳನ್ನು ಕಂಡವರಿಗೆ ‘ಸ್ಮಾರ್ಟ್ ಹೋಮ್’ ಎಂಬ ಮಾತು ಹೊಸದಲ್ಲ. ನಮ್ಮದು ಅಂಥ ಕಟ್ಟಡವಲ್ಲ. ಡೊಂಬಿವಲಿ ಪೂರ್ವದಲ್ಲಿ, ಇಪ್ಪತ್ತು ವರ್ಷ ಮಳೆ ತಿಂದ ಸೊಸೈಟಿಯಲ್ಲಿ, ಒಂದು ಹಾಲ್, ಒಂದು ಕೋಣೆ, ಒಂದು ಅಡಿಗೆಮನೆ. ಹಾಲಿನ ದಿವಾನದ ಮೇಲೆ ನಮ್ಮ ಅವ್ವ ಮಲಗುತ್ತಾಳೆ. ಹೋದ ವರ್ಷ ದೀಪಾವಳಿಗೆ ಕಾಲೇಜಿಗೆ ಹೋಗುವ ಮಗ ತನ್ನ ಪಾಕೆಟ್ ಮನಿ ಕೂಡಿಟ್ಟು ಎರಡು ‘ಸ್ಮಾರ್ಟ್’ ಬಲ್ಬು, ಗೀಸರಿಗೊಂದು ಪ್ಲಗ್ಗು, ಮಾತು ಕೇಳುವ ಒಂದು ಸ್ಪೀಕರ್ ಡಬ್ಬಿ ತಂದ. ಇಂಟರ್‌ನೆಟ್ಟಿನ ಟಿ.ವಿ. ಮೊದಲೇ ಇತ್ತು. ಎಲ್ಲವನ್ನೂ ಒಂದೇ ಆ್ಯಪ್‌ಗೆ ಪೋಣಿಸಿ, “ಅಪ್ಪಾ, ಇನ್ನು ಏಳೋದೇ ಬೇಕಾಗಿಲ್ಲ” ಎಂದ. ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಹತ್ತು ಅಡಿ. ಇಷ್ಟು ಸಮೀಪದ ಮನೆಗೆ ದೂರ ನಿಯಂತ್ರಣ ಏಕೆ ಎಂದು ನಾವು ಕೇಳಲಿಲ್ಲ. ಮಗ ತಂದದ್ದಲ್ಲವೆ!

ವಿಮರ್ಶೆಯ ಧರ್ಮ ಮೊದಲು ಗುಣವನ್ನು ಹೇಳುವುದು. ಗುಣಗಳಿಲ್ಲದೆ ಇಲ್ಲ.

ಬೆಳಿಗ್ಗೆ ಡೊಂಬಿವಲಿಯಲ್ಲಿ ಹತ್ತಿ, ಥಾಣೆಯಲ್ಲಿ ಇಳಿದು, ಬೇಲಾಪುರದ ಗಾಡಿ ಹಿಡಿಯುವ ನಮ್ಮಂಥವರಿಗೆ ಐರೋಲಿ ದಾಟುವಷ್ಟರಲ್ಲಿ ಒಂದು ಯೋಚನೆ ತಪ್ಪದೆ ಬರುತ್ತದೆ: ಗೀಸರ್ ಬಂದ್ ಮಾಡಿದೆವೋ ಇಲ್ಲವೋ? ಮೊದಲು ಆ ಯೋಚನೆ ಸಂಜೆಯವರೆಗೆ ನಮ್ಮೊಂದಿಗೇ ಕಚೇರಿ ಮಾಡುತ್ತಿತ್ತು. ಈಗ ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದರಲ್ಲಿ ಫೋನು; ಹೆಬ್ಬೆರಳಿನಿಂದ ನೋಡಿದರೆ ತಿಳಿಯುತ್ತದೆ, ಅಲ್ಲಿಂದಲೇ ಆರಿಸಲೂ ಬರುತ್ತದೆ. ಇದು ಸಣ್ಣ ಉಪಕಾರವಲ್ಲ. (ಒಂದು ಎಚ್ಚರಿಕೆ: 2 ಕಿಲೋವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಪ್ಲಗ್ಗೇ ಬೇಕು. 6 ಆಂಪಿಯರಿನದು ಅಗ್ಗವೆಂದು ತಂದರೆ ಸುಟ್ಟೀತು.)

ಎರಡನೆಯ ಗುಣ ಕನ್ನಡಕ್ಕೆ ಸಂಬಂಧಿಸಿದ್ದು. ಟಿ.ವಿ.ಯ ಕೈರಿಮೋಟಿನಿಂದ ಒಂದು ಹೆಸರನ್ನು ಹುಡುಕಬೇಕಾದರೆ ಪರದೆಯ ಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರಕ್ಕೆ ಬಾಣ ಒತ್ತುತ್ತಾ ಹೋಗಬೇಕು. ಆ್ಯಪ್‌ನಲ್ಲಿ ಫೋನಿನ ಕೀಲಿಮಣೆಯೇ ಸಿಗುತ್ತದೆ; ಕನ್ನಡದಲ್ಲಿ ಬರೆದು ಹುಡುಕಿದರೆ ನಮ್ಮ ನಾಟಕಗಳೂ ಹಾಡುಗಳೂ ತೆರೆಗೆ ಬರುತ್ತವೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಪ್ರಾರಂಭವಾದ ನಿಲಯ. ಗದಗಿನ ನಮ್ಮ ಮನೆಯಲ್ಲಿ ಅದರ ದನಿಯಿಲ್ಲದೆ ಬೆಳಗಾಗುತ್ತಿರಲಿಲ್ಲ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಮೂಲಕ ಅದೇ ನಿಲಯವನ್ನು ಡೊಂಬಿವಲಿಯ ಡಬ್ಬಿಯಲ್ಲಿ ನುಡಿಸಿದ ದಿನ ಅವ್ವ ಸೆರಗಿನಿಂದ ಡಬ್ಬಿಯನ್ನು ಒರೆಸಿ ಇಟ್ಟಳು. ಅದನ್ನು ಕಂಡಾಗ ಮಗನ ದುಡ್ಡು ದಂಡವಾಗಲಿಲ್ಲವೆಂದು ನಮಗೆ ಅನಿಸಿತು.

ಇನ್ನು ದೋಷಗಳ ವಿಚಾರ. ಇದಕ್ಕೆ ರಿಮೋಟಿನ ಚರಿತ್ರೆಯನ್ನು ಕೊಂಚ ನೋಡಬೇಕಾಗುತ್ತದೆ.

ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ಟಿ.ವಿ.ಗೆ ತಂತಿಯಿಂದ ಕಟ್ಟಿದ ಒಂದು ರಿಮೋಟನ್ನು ತಂದಿತು. ಅದರ ಹೆಸರೇ ‘ಲೇಜಿ ಬೋನ್ಸ್’, ಎಂದರೆ ಸೋಮಾರಿ. ತಂತಿ ಕಾಲಿಗೆ ತೊಡರುತ್ತಿತ್ತು. 1955ರಲ್ಲಿ ಯೂಜಿನ್ ಪೋಲಿ ಎಂಬ ಎಂಜಿನಿಯರು ಬೆಳಕಿನ ಕಿರಣ ಬಿಡುವ ರಿಮೋಟನ್ನು ಮಾಡಿದರು. ಸೆಟ್ಟಿನ ಮೇಲೆ ಬಿಸಿಲು ಬಿದ್ದರೂ ಅದು ಆಜ್ಞೆಯೆಂದೇ ತಿಳಿದು ಚಾನೆಲ್ ಬದಲಾಗುವ ತೊಂದರೆ ಅದಕ್ಕಿತ್ತು. 1956ರಲ್ಲಿ ರಾಬರ್ಟ್ ಆಡ್ಲರ್ ಅವರ ರಿಮೋಟು ಬಂತು. ಅದರೊಳಗೆ ಬ್ಯಾಟರಿಯಿಲ್ಲ, ಅಲ್ಯೂಮಿನಿಯಂ ಸಲಾಕೆಗಳು ಮಾತ್ರ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಸಲಾಕೆಗೆ ಬಡಿದು, ನಮ್ಮ ಕಿವಿಗೆ ಕೇಳದ ದನಿ ಹೊರಟು, ಸೆಟ್ಟು ಅದನ್ನು ಕೇಳಿಸಿಕೊಳ್ಳುತ್ತಿತ್ತು. ಮುಂದೆ 1980ರ ಹೊತ್ತಿಗೆ ಅವಕೆಂಪು ಕಿರಣದ ರಿಮೋಟು ಬಂದು ಇಂದಿಗೂ ನಡೆದಿದೆ. ಅದರ ಬೆಳಕಿನ ತರಂಗದೂರ ಸುಮಾರು 940 ನ್ಯಾನೋಮೀಟರ್, ನಮ್ಮ ಕಣ್ಣಿಗೆ ಕಾಣದ್ದು. ಸೆಕೆಂಡಿಗೆ ಸಾಮಾನ್ಯವಾಗಿ 38,000 ಸಲ ಮಿನುಗಿ ಆಜ್ಞೆಯನ್ನು ಸಾಗಿಸುತ್ತದೆ. ಫೋನಿನ ಮುಂಬದಿಯ ಕ್ಯಾಮರಾದ ಎದುರು ರಿಮೋಟನ್ನು ಹಿಡಿದು ಗುಂಡಿ ಒತ್ತಿ ನೋಡಿ. ಅನೇಕ ಫೋನುಗಳಲ್ಲಿ ಆ ಬೆಳಕು ನೇರಳೆಯಾಗಿ ಕಾಣುತ್ತದೆ. ಕೆಟ್ಟದ್ದು ರಿಮೋಟೋ ಸೆಟ್ಟೋ ಎಂದು ತಿಳಿಯಲು ರಿಪೇರಿಯವನನ್ನು ಕರೆಯಬೇಕಾಗಿಲ್ಲ.

ಈ ಅವಕೆಂಪು ಬೆಳಕಿಗೆ ಒಂದು ದೊಡ್ಡ ಮಿತಿಯಿದೆ: ಅದು ಗೋಡೆ ದಾಟುವುದಿಲ್ಲ. ಈ ಮಿತಿಯೇ ಅದರ ಮರ್ಯಾದೆಯಾಗಿತ್ತೆಂದು ನಮಗೆ ಈಗ ಹೊಳೆದಿದೆ. ಯಾರು ಟಿ.ವಿ.ಯ ಎದುರು ಕೂತಿದ್ದಾರೋ ಅವರಿಗೆ ಮಾತ್ರ ಅದರ ಮೇಲೆ ಅಧಿಕಾರ. ಹಾಲಿನಲ್ಲಿ ಜಗಳವಾದರೆ ಮುಖ ನೋಡಿಕೊಂಡೇ ಆಗಬೇಕು. ‘ನಿನ್ನ ಕ್ರಿಕೆಟ್ಟು ಮುಗಿಯಲಿ, ಆಮೇಲೆ ನನ್ನ ಧಾರಾವಾಹಿ’ ಎಂಬ ಒಪ್ಪಂದಗಳು ನಮ್ಮ ಮನೆಗಳಲ್ಲಿ ಹೀಗೆಯೇ ಆದವು.

ಆ್ಯಪ್ ಗೋಡೆ ದಾಟಿತು. ಈಗ ಆಜ್ಞೆ ಹೋಗುವುದು ವೈಫೈ ಮುಖಾಂತರ. ಒಂದೇ ವೈಫೈನಲ್ಲಿರುವ ಯಾರ ಫೋನಾದರೂ, ಅನುಮತಿಯಿದ್ದರೆ, ಟಿ.ವಿ.ಗೆ ರಿಮೋಟೇ. ಒಂದು ಸಂಜೆ ಅವ್ವ ಧಾರಾವಾಹಿ ನೋಡುತ್ತಾ ಕೂತಿದ್ದಳು. ಸೊಸೆ ಅತ್ತೆಗೆ ಉತ್ತರ ಕೊಡಬೇಕೆನ್ನುವ ಹೊತ್ತಿಗೆ ತೆರೆಯ ಮೇಲೆ ಫುಟ್‌ಬಾಲ್ ಬಂತು. ಒಳಕೋಣೆಯಲ್ಲಿ ಮಲಗಿದ್ದ ಮೊಮ್ಮಗ ಫೋನಿನಿಂದ ಕಳಿಸಿದ್ದು. ಹಾಲಿನಲ್ಲಿ ಯಾರಿದ್ದಾರೆಂದು ಅವನು ನೋಡಿರಲಿಲ್ಲ. ನೋಡಬೇಕಾದ ಅಗತ್ಯವೂ ಅವನಿಗೆ ಇರಲಿಲ್ಲ. ಅವ್ವ ಮಾತಾಡಲಿಲ್ಲ. ಟಿ.ವಿ. ಕೆಟ್ಟಿತೆಂದು ತಿಳಿದು ಎದ್ದು ಅಡಿಗೆಮನೆಗೆ ಹೋದಳು. ಹುಡುಗ ಕೆಟ್ಟವನಲ್ಲ. ಎದುರು ಇರುವವರನ್ನು ಕಾಣದೆ ಆಜ್ಞೆ ಮಾಡಲು ಬರುವ ಸಾಧನ ಕೈಗೆ ಬಂದರೆ ಒಳ್ಳೆಯವರೂ ಹೀಗೆಯೇ ಮಾಡುತ್ತಾರೆ. ಸರಕಾರಿ ನೌಕರಿಯಲ್ಲಿರುವ ನಾವು ಇದನ್ನು ಬಲ್ಲೆವು.

ನೌಕರಿಯ ಮಾತು ಬಂದದ್ದರಿಂದ ಎರಡನೆಯ ದೋಷವನ್ನು ಕಡತದ ಭಾಷೆಯಲ್ಲೇ ಹೇಳುತ್ತೇವೆ. ಗೋಡೆಯ ಸ್ವಿಚ್ಚು ತನ್ನ ಮಟ್ಟದಲ್ಲೇ ತೀರ್ಮಾನ ಮಾಡುವ ಅಧಿಕಾರಿ. ಒತ್ತಿದರೆ ತಂತಿ ಕೂಡಿತು, ದೀಪ ಹತ್ತಿತು. ಅಗ್ಗದ ಸ್ಮಾರ್ಟ್ ಬಲ್ಬುಗಳಲ್ಲಿ ಅನೇಕವು ಹಾಗಲ್ಲ. ನಾವು ಹೊರಗಿನಿಂದ ಆ್ಯಪ್ ಒತ್ತಿದರೆ ಅರ್ಜಿ ತಯಾರಕರ ಗಣಕಕ್ಕೆ ಹೋಗಬೇಕು. ಆ ಗಣಕ ನಾವು ದಿನಾ ರೈಲಿನ ಕಿಟಕಿಯಿಂದ ಕಾಣುವ ಐರೋಲಿ, ರಬಾಳೆಗಳ ಡೇಟಾ ಸೆಂಟರುಗಳಲ್ಲಿ ಇದ್ದೀತು, ಇಲ್ಲವೆ ಸಮುದ್ರದಾಚೆ ಇದ್ದೀತು. ಅಲ್ಲಿ ಮಂಜೂರಾಗಿ, ನಮ್ಮ ಮನೆಯ ರೌಟರಿಗೆ ಹಿಂದಿರುಗಿ, ಆಮೇಲೆ ಬಲ್ಬಿಗೆ ತಲುಪಬೇಕು. ಎಲ್ಲವೂ ಸರಿಯಿದ್ದಾಗ ಇದಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಸರಿಯಿಲ್ಲದಾಗ ಕಡತ ಹೆಡ್ಡಾಫೀಸಿನಲ್ಲಿ ಕೂತಂತೆಯೇ.

ಇದು ಬರೀ ಕಲ್ಪನೆಯಲ್ಲ. 2022ರ ಏಪ್ರಿಲಿನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಎಂಬ ಕಂಪನಿ ಮುನ್ಸೂಚನೆಯಿಲ್ಲದೆ ತನ್ನ ಗಣಕಗಳನ್ನು ನಿಲ್ಲಿಸಿತು. ಅದರ ಆ್ಯಪ್ ನಂಬಿದ ಮನೆಗಳಲ್ಲಿ ಹತೋಟಿ ತಪ್ಪಿತು. ಕೊನೆಗೆ ಬಳಕೆದಾರರಲ್ಲೇ ಕೆಲವರು ಸೇರಿ ಆ ವ್ಯವಸ್ಥೆಯನ್ನು ಕೊಂಡು ಪುನಃ ನಡೆಸಬೇಕಾಯಿತು. 2025ರ ಮಾರ್ಚಿನಲ್ಲಿ, 2015ರ ಮಾದರಿಯ ಕ್ರೋಮ್‌ಕಾಸ್ಟ್ ಉಪಕರಣಗಳು ಅವುಗಳ ಒಳಗಿದ್ದ ಒಂದು ಪ್ರಮಾಣಪತ್ರದ ಅವಧಿ ಮುಗಿದ ಕಾರಣ ಒಮ್ಮೆಲೇ ಕೆಲಸ ನಿಲ್ಲಿಸಿದವು; ದುರಸ್ತಿಯ ತಂತ್ರಾಂಶ ಬರುವವರೆಗೆ ಕಾಯಬೇಕಾಯಿತು. ಅದೇ ವರ್ಷ ಅಕ್ಟೋಬರ್ 20ರಂದು ಅಮೆಜಾನಿನ ಗಣಕಕೇಂದ್ರಗಳಲ್ಲಿ ಉತ್ತರ ವರ್ಜೀನಿಯಾದ ಕಡೆ ತೊಂದರೆಯಾದಾಗ ಎಷ್ಟೋ ಮನೆಗಳ ಸ್ಪೀಕರುಗಳೂ ಬಾಗಿಲ ಗಂಟೆಗಳೂ ಮೂಕವಾದವು. ಮನೆ ನಮ್ಮದು, ಬಲ್ಬು ನಮ್ಮದು, ಕರೆಂಟಿನ ಬಿಲ್ಲು ನಮ್ಮದು. ಅಪ್ಪಣೆ ಮಾತ್ರ ಇನ್ನೊಬ್ಬರದು.

ಬಿಲ್ಲಿನ ಮಾತು ಬಂದಾಗ ಒಂದು ಲೆಕ್ಕ. ಇಂಥ ಉಪಕರಣ ಆರಿದ್ದಾಗಲೂ ಆಜ್ಞೆಗಾಗಿ ಕಿವಿ ತೆರೆದು ಕೂತಿರುತ್ತದೆ. ಅದಕ್ಕೆ ಅರ್ಧ ವಾಟ್ ಎಂದು ಹಿಡಿದರೂ ವರ್ಷಕ್ಕೆ ಸುಮಾರು 4.4 ಯೂನಿಟ್. ಒಂದಕ್ಕೆ ಇದು ಏನೂ ಅಲ್ಲ; ಹತ್ತು ಉಪಕರಣಕ್ಕೆ 44 ಯೂನಿಟ್. ಎದ್ದು ಹತ್ತು ಅಡಿ ನಡೆಯದಿದ್ದುದರ ಬೆಲೆಯೆಂದು ಖರ್ಚು ಬರೆದುಕೊಳ್ಳಬಹುದು.

ಈಗ ನಾವು ಈ ಲೇಖನ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇವೆ. ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ಚು ಸದಾ ಹಚ್ಚಿಯೇ ಇರಬೇಕು. ಯಾರಾದರೂ ಅಲ್ಲಿ ಆರಿಸಿದರೆ ಬಲ್ಬಿಗೆ ಕರೆಂಟೇ ಇಲ್ಲ, ಆ್ಯಪ್ ಎಷ್ಟು ಒತ್ತಿದರೂ ವ್ಯರ್ಥ. ಅವ್ವನಿಗೆ ದೀಪ ಆರಿಸಿ ಮಲಗುವ ರೂಢಿ. ಎರಡು ದಿನ ಹೀಗಾದ ಮೇಲೆ ಮಗ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಎಳೆದು, ಕೆಂಪು ಶಾಯಿಯಲ್ಲಿ ‘ಡು ನಾಟ್ ಸ್ವಿಚ್ ಆಫ್’ ಎಂದು ಇಂಗ್ಲಿಷಿನಲ್ಲಿ ಬರೆದು ಚೀಟಿ ಹಚ್ಚಿದ. ನಾವು ಅದನ್ನು ದಿನಾ ನೋಡಿದೆವು. ಏನೂ ಅನಿಸಲಿಲ್ಲ. ಟಿ.ವಿ.ಯ ಕೈರಿಮೋಟು ಕಪಾಟು ಸೇರಿತ್ತು. ಅದರ ಸೆಲ್ಲುಗಳು ಬೇರಾವುದೋ ಯಂತ್ರದ ಪಾಲಾಗಿದ್ದವು.

ಹೋದ ಮಳೆಗಾಲದ ಒಂದು ಸಂಜೆ. ನಮ್ಮ ಮನೆಯವರು ಮಗಳೊಂದಿಗೆ ಕಲ್ಯಾಣದ ಬಂಧುಗಳಲ್ಲಿಗೆ ಹೋಗಿದ್ದರು. ಮಗ ಕಾಲೇಜಿನಿಂದ ಬಂದಿರಲಿಲ್ಲ. ಥಾಣೆಯಲ್ಲಿ ನಾವು ಹತ್ತಿದ ಗಾಡಿ ಕಳವಾ ದಾಟಿ ಹಳಿಯ ಮೇಲಿನ ನೀರಿನಲ್ಲಿ ನಿಂತುಬಿಟ್ಟಿತು. ಏಳು ಗಂಟೆಯಾಗಿ ಕತ್ತಲಾಗತೊಡಗಿದಾಗ ಅವ್ವ ಒಬ್ಬಳೇ ಇದ್ದಾಳೆಂದು ನೆನಪಾಯಿತು. ಆ್ಯಪ್ ಇದೆಯಲ್ಲ! ನಿಂತಲ್ಲಿಂದಲೇ ದೀಪ ಹಚ್ಚೋಣವೆಂದು ತೆರೆದೆವು. ಹಾಲಿನ ಬಲ್ಬಿನ ಚಿತ್ರ ಬೂದು ಬಣ್ಣಕ್ಕೆ ತಿರುಗಿ ‘ಆಫ್‌ಲೈನ್’ ಎಂದಿತ್ತು. ಮಳೆಗೆ ಇಂಟರ್‌ನೆಟ್ಟಿನ ಕೇಬಲ್ ಹೋಗಿತ್ತು. ಅವ್ವನ ಹತ್ತಿರ ಫೋನಿಲ್ಲ. ನೆರೆಮನೆಗೆ ಬೀಗ.

ಮನೆ ಮುಟ್ಟಿದಾಗ ಒಂಬತ್ತೂವರೆ. ಕಟ್ಟಡದಲ್ಲಿ ಕರೆಂಟು ಇತ್ತು; ಎಲ್ಲರ ಕಿಟಕಿಗಳಲ್ಲೂ ಬೆಳಕಿತ್ತು, ನಮ್ಮದೊಂದರ ಹೊರತು. ಬೀಗ ತೆಗೆದು ನೋಡಿದರೆ ಅವ್ವ ದೇವರ ಮುಂದಿನ ನೀಲಾಂಜನವನ್ನು ದಿವಾನದ ಬಳಿ ತಂದಿಟ್ಟುಕೊಂಡು ಕೂತಿದ್ದಳು. ಅಷ್ಟು ಹೊತ್ತು ಊಟ ಮಾಡಿರಲಿಲ್ಲ. ನಾವು ಅಂಟುಪಟ್ಟಿ ಕಿತ್ತು, ಸ್ವಿಚ್ಚನ್ನು ಒಮ್ಮೆ ಆರಿಸಿ ಒಮ್ಮೆ ಹಚ್ಚಿದೆವು. ಬಲ್ಬು ಹತ್ತಿತು. ಅನೇಕ ಸ್ಮಾರ್ಟ್ ಬಲ್ಬುಗಳು ಹೀಗೆ ಮಾಡಿದರೆ ಇಂಟರ್‌ನೆಟ್ಟಿನ ಹಂಗಿಲ್ಲದೆ ಹತ್ತುತ್ತವೆ. ನಮ್ಮದೂ ಆ ಜಾತಿಯದೇ. ಅದನ್ನು ಆಕೆಗೆ ಯಾರೂ ಹೇಳಿರಲಿಲ್ಲ.

“ಅವ್ವಾ, ಇದನ್ನ ಒಮ್ಮಿ ಒತ್ತಿ ನೋಡಬಾರದಿತ್ತಾ?” ಎಂದು ನಾವು, ತಪ್ಪು ಆಕೆಯದೆಂಬಂತೆ, ಕೇಳಿದೆವು.

“ನೀವ ಚೀಟಿ ಹಚ್ಚೀರಲ್ಲೋ ಯಪ್ಪಾ. ಕೆಂಪ ಅಕ್ಷರ. ಕಂಬದ ಮ್ಯಾಲ ಇರತೈತಲ್ಲ, ಹಂಗ ಶಾಕ್ ಹೊಡೀತೈತಿ ಅಂತ ಬರದೀರಿ ಅಂದ್ಕೊಂಡೆ. ನಾ ಹೆಂಗ ಮುಟ್ಟಲಿ? ಚೀಟಿ ಹಚ್ಚೂ ಬದಲಿ ದೀಪಾ ಹಚ್ಚೂದು ಹೇಳಿದ್ರ ಆಗ್ತಿತ್ತು.”

ಅವ್ವನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಈ ಮಾಸಿಕವನ್ನು ಮೊದಲಿಂದ ಕೊನೆಯವರೆಗೆ ಓದುವವಳು ನಮ್ಮ ಮನೆಯಲ್ಲಿ ಆಕೆಯೇ. ಇಂಗ್ಲಿಷ್ ಬಾರದು. ನವೆಂಬರ್ ತಿಂಗಳಲ್ಲಿ ಸಂಘದ ವೇದಿಕೆಯ ಮೇಲೆ ನಿಂತು ‘ಹೊರನಾಡಿನಲ್ಲಿ ಮನೆಯೊಳಗಾದರೂ ಕನ್ನಡ ಉಳಿಯಲಿ’ ಎಂದು ಕೈ ಎತ್ತಿ ಮಾತಾಡುವ ನಾವು, ನಮ್ಮದೇ ಹಾಲಿನ ಗೋಡೆಯ ಮೇಲೆ, ನಮ್ಮ ತಾಯಿಗೆಂದೇ ಬರೆದ ಒಂದೇ ಒಂದು ಸೂಚನೆಯನ್ನು ಆಕೆಗೆ ಬಾರದ ಭಾಷೆಯಲ್ಲಿ ಹಚ್ಚಲು ಬಿಟ್ಟಿದ್ದೆವು. ಇದಕ್ಕೆ ಯಾವ ಕಂಪನಿಯನ್ನೂ ದೂರುವಂತಿಲ್ಲ.

ಹಾಗೆಂದು ಕಂಪನಿಗಳಿಗೆ ಹೇಳುವ ಮಾತು ಇಲ್ಲವೆಂದಲ್ಲ. ಭಾರತಕ್ಕೆ 2017ರಲ್ಲಿ ಇಂಗ್ಲಿಷಿನೊಂದಿಗೆ ಬಂದ ಅಲೆಕ್ಸಾ 2019ರಲ್ಲಿ ಹಿಂದಿ ಕಲಿಯಿತು. ಗೂಗಲ್ಲಿನ ಜೆಮಿನಿ ಆ್ಯಪ್ 2024ರ ಜೂನಿನಲ್ಲಿ ಇಲ್ಲಿಗೆ ಬಂದಾಗ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಇತ್ತು. ಎಂದರೆ ಯಂತ್ರಕ್ಕೆ ಕನ್ನಡ ಕಲಿಸುವುದು ಅಸಾಧ್ಯವೆಂಬ ನೆಪ ಇನ್ನು ನಡೆಯದು. ಕಾನೂನೂ ಒಂದು ಹೆಜ್ಜೆ ಇಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಮ್ಮ ಮಾಹಿತಿ ಪಡೆಯಲು ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಮಗಿರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಆ ಆಯ್ಕೆ ಬಂದಾಗ ಕನ್ನಡವನ್ನು ಒತ್ತುವವರು ನಾವಾಗಬೇಕು. ಯಾರೂ ಒತ್ತದ ಗುಂಡಿಯನ್ನು ಯಾವ ಕಂಪನಿಯೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ.

ಇನ್ನು ತೀರ್ಪು. ಆ್ಯಪ್ ಕೆಟ್ಟದ್ದಲ್ಲ. ಅದು ಮನೆಗೆ ಇನ್ನೊಂದು ಕೈಯಾಗಿ ಬಂದರೆ ಒಳ್ಳೆಯದು. ಇದ್ದ ಕೈಯನ್ನು ಕಟ್ಟಿಹಾಕಿದರೆ ಕೆಟ್ಟದ್ದು. ಕೊಳ್ಳುವ ಮೊದಲು ಒಂದೇ ಪರೀಕ್ಷೆ ಮಾಡಿ: ಮನೆಯ ಎಲ್ಲರಿಗಿಂತ ಹಿರಿಯರು, ಫೋನಿಲ್ಲದೆ, ಇಂಟರ್‌ನೆಟ್ಟಿಲ್ಲದೆ, ಒಬ್ಬರೇ ಇರುವಾಗ ದೀಪ ಹಚ್ಚಬಲ್ಲರೆ? ಟಿ.ವಿ. ನೋಡಬಲ್ಲರೆ? ಬಲ್ಲರಾದರೆ ತನ್ನಿ.

ನಾವು ಮಾಡಿದ್ದನ್ನು ಹೇಳಿ ಮುಗಿಸುತ್ತೇವೆ. ಸ್ಮಾರ್ಟ್ ಬಲ್ಬು ತೆಗೆದು ಸಾಮಾನ್ಯ ಎಲ್‌ಇಡಿ ಹಾಕಿ, ಸ್ವಿಚ್ ಬೋರ್ಡಿನ ಒಳಗೆ ಒಂದು ರಿಲೇ ಕೂಡಿಸಿದೆವು. ಈಗ ಗೋಡೆಯ ಸ್ವಿಚ್ಚೂ ನಡೆಯುತ್ತದೆ, ಆ್ಯಪ್ಪೂ ನಡೆಯುತ್ತದೆ. ಇದಕ್ಕೆ ಬೋರ್ಡಿನಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ತಂತಿ ಬೇಕಾಗುತ್ತದೆ. ನಮ್ಮ ಹಳೆಯ ಕಟ್ಟಡಗಳಲ್ಲಿ ಅದಿರುವುದು ಖಾತ್ರಿಯಿಲ್ಲ. ಬಲ್ಲ ವೈರ್‌ಮನ್‌ನಿಂದಲೇ ನೋಡಿಸಬೇಕು. ಹೊಸದಾಗಿ ಕೊಳ್ಳುವವರು 2022ರ ಅಕ್ಟೋಬರಿನಲ್ಲಿ ಬಂದ ‘ಮ್ಯಾಟರ್’ ಎಂಬ ಮಾನಕದ ಗುರುತನ್ನು ನೋಡಿ ಕೊಂಡರೆ ಲೇಸು. ಅಂಥ ಉಪಕರಣಗಳು ಮನೆಯ ವೈಫೈ ಒಳಗೇ ಆಜ್ಞೆ ಕೇಳಬಲ್ಲವು, ಹೆಡ್ಡಾಫೀಸಿಗೆ ಹೋಗಬೇಕಿಲ್ಲ. ಖಾತೆಯನ್ನು ಮಗನೊಬ್ಬನ ಹೆಸರಿನಲ್ಲಿ ಇಡದೆ ಮನೆಯವರಿಬ್ಬರನ್ನೂ ಸದಸ್ಯರನ್ನಾಗಿ ಸೇರಿಸಿದ್ದೇವೆ. ಮಕ್ಕಳು ನಾಳೆ ಪುಣೆಗೋ ಕೆನಡಾಕ್ಕೋ ಹೋಗುವವರು. ಮನೆಯ ದೀಪದ ಪಾಸ್‌ವರ್ಡು ಅವರ ಸೂಟ್‌ಕೇಸಿನಲ್ಲಿ ಹೋಗಬಾರದು. ಕೈರಿಮೋಟಿಗೆ ಹೊಸ ಸೆಲ್ಲು ಹಾಕಿ ದಿವಾನದ ಕಾಲಿಗೆ ದಾರದಿಂದ ಕಟ್ಟಿದ್ದೇವೆ. ಅವ್ವ ಹಾಲಿನಲ್ಲಿದ್ದಾಗ ಫೋನಿನಿಂದ ಟಿ.ವಿ. ಮುಟ್ಟುವವರು ಮೊದಲು ಎದ್ದು ಬಂದು ಕೇಳಬೇಕೆಂಬುದು ಮನೆಯ ಹೊಸ ಕಾಯ್ದೆ. ಇದಕ್ಕೆ ಕಾಲಾವಕಾಶ ಕೊಟ್ಟಿಲ್ಲ.

ಕಪಾಟಿನ ಬಾಗಿಲಿಗೆ ಮಗನೇ ಈಗ ದಪ್ಪ ಕನ್ನಡ ಅಕ್ಷರಗಳಲ್ಲಿ ಒಂದು ಹಾಳೆ ಹಚ್ಚಿದ್ದಾನೆ. ನೆಟ್ ಹೋದರೆ ಏನು ಮಾಡಬೇಕು, ಗೀಸರಿನ ಪ್ಲಗ್ಗಿನ ಗುಂಡಿ ಎಲ್ಲಿದೆ, ನಮ್ಮೆಲ್ಲರ ಫೋನ್ ನಂಬರು, ಎಲ್ಲ ಅದರಲ್ಲಿದೆ. ಅವ್ವ ಕನ್ನಡಕ ಹಾಕಿಕೊಂಡು ಓದಿ, ಪೆನ್ನು ತರಿಸಿ ಒಂದು ತಿದ್ದುಪಡಿ ಮಾಡಿದಳು. ಮಗ ‘ಲೈಟ್ ಆನ್ ಮಾಡಿ’ ಎಂದು ಬರೆದಿದ್ದ. ಆಕೆ ‘ಆನ್ ಮಾಡಿ’ ಹೊಡೆದುಹಾಕಿ ‘ಹಚ್ಚಿ’ ಎಂದು ಬರೆದಿದ್ದಾಳೆ.